ಬೇಸಿಗೆಯಲ್ಲಿ ಎಲೆ ಉದುರಿಸುವ ಗೂಸ್‌ಬೆರಿ: ನೆರಳಿನ ತೋಟಕ್ಕೆ ಹಮ್ಮಿಂಗ್‌ಬರ್ಡ್‌ಗಳನ್ನು ಕರೆಯುವ ಪೊದೆ

ಪ್ರಶ್ನೆ: ನಾವು ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಯಲ್ಲಿದ್ದೇವೆ. ಹಿತ್ತಲಿನಲ್ಲಿ ಹಳೆಯದೊಂದು ಕೋಸ್ಟ್ ಲೈವ್ ಓಕ್ ಮರವಿದೆ. ಮನೆಯ ಉತ್ತರದ ಗೋಡೆಗೂ ಬೇಲಿಗೂ ನಡುವೆ ಆರಡಿ ಅಗಲದ ನೆರಳಿನ ಜಾಗವೂ ಇದೆ. ನೆರಳಿನಲ್ಲಿ ಹೂ ಬಿಡುವ, ಹೆಚ್ಚು ನೀರು ಕೇಳದ, ಹಮ್ಮಿಂಗ್‌ಬರ್ಡ್‌ಗಳು ಬರುವಂಥ ಸ್ಥಳೀಯ ಪೊದೆ ಬೇಕೆಂದಾಗ ನರ್ಸರಿಯವರು ಫ್ಯೂಷಿಯಾ-ಫ್ಲವರ್ಡ್ ಗೂಸ್‌ಬೆರಿ ಕೊಟ್ಟರು. ಏಪ್ರಿಲ್‌ನಲ್ಲಿ ಓಕ್ ಮರದ ಬುಡದ ಹತ್ತಿರ ನೆಟ್ಟೆವು. ಜೂನ್ ಕೊನೆಗೆ ಎಲೆಗಳೆಲ್ಲ ಹಳದಿಯಾಗಿ ಉದುರಿದವು. ದಿನವೂ ನೀರು ಹಾಕಿದೆವು, ಗೊಬ್ಬರವನ್ನೂ ಕೊಟ್ಟೆವು. ಆದರೂ ಆಗಸ್ಟ್ ಹೊತ್ತಿಗೆ ಗಿಡ ಸತ್ತುಹೋಯಿತು. ಏನು ತಪ್ಪಾಯಿತು? ಮತ್ತೆ ನೆಡಬಹುದೇ, ಎಲ್ಲಿ ನೆಡಬೇಕು? ಶಿವಮೊಗ್ಗದ ನಮ್ಮ ಮನೆಗೂ ಇದರ ಬೀಜ ಒಯ್ಯಬಹುದೇ?

ಉತ್ತರ: ನರ್ಸರಿಯವರು ಕೊಟ್ಟ ಗಿಡ ನಿಮ್ಮ ಅಗತ್ಯಕ್ಕೆ ಸರಿಯಾದದ್ದೇ ಆಗಿತ್ತು. ಅದು ಜೂನ್ ಕೊನೆಗೆ ಎಲೆ ಉದುರಿಸಿದ್ದು ಕಾಯಿಲೆಯಿಂದಲ್ಲ, ಆ ಗಿಡದ ಸ್ವಭಾವದಿಂದ. ಅದನ್ನು ಕೊಂದದ್ದು ಎಲೆ ಉದುರಿದ ಮೇಲೆ ದಿನವೂ ಬುಡಕ್ಕೆ ಬಿದ್ದ ನೀರು ಎಂದು ನೀವು ಬರೆದ ವಿವರಗಳಿಂದಲೇ ಹೇಳಬಹುದು. ಈ ಗಿಡದ ಕಾಲಮಾನ ನಮ್ಮ ಕರ್ನಾಟಕದ ತೋಟಗಳ ಕಾಲಮಾನಕ್ಕೆ ಪೂರ್ತಿ ತಿರುವುಮುರುವಾದದ್ದು. ಇದೊಂದು ವಿಷಯ ಮನಸ್ಸಿನಲ್ಲಿ ಕೂತರೆ ಎಲ್ಲಿ ನೆಡಬೇಕು, ಯಾವಾಗ ನೆಡಬೇಕು, ಎಷ್ಟು ನೀರು ಕೊಡಬೇಕು ಎಂಬ ಉಳಿದ ಪ್ರಶ್ನೆಗಳಿಗೆಲ್ಲ ಉತ್ತರ ತಾನಾಗಿಯೇ ಸಿಗುತ್ತದೆ.

ಸಸ್ಯಶಾಸ್ತ್ರದಲ್ಲಿ ಇದಕ್ಕೆ ರೈಬಿಸ್ ಸ್ಪೀಸಿಯೋಸಮ್ ಎಂದು ಹೆಸರು. ನೀವಿರುವ ಸ್ಯಾಂಟಾ ಕ್ಲಾರಾ ಕೌಂಟಿಯಿಂದ ದಕ್ಷಿಣಕ್ಕೆ, ಕರಾವಳಿಯ ಬೆಟ್ಟಸಾಲುಗಳ ಉದ್ದಕ್ಕೂ ಮೆಕ್ಸಿಕೋದ ಬಾಹಾ ಕ್ಯಾಲಿಫೋರ್ನಿಯಾದವರೆಗೆ, ಕಣಿವೆಗಳ ನೆರಳಿನಲ್ಲಿ, ಓಕ್ ಮರಗಳ ಅಂಚಿನಲ್ಲಿ, ಕುರುಚಲು ಕಾಡಿನ ನಡುವೆ ಇದು ತಾನಾಗಿ ಬೆಳೆಯುತ್ತದೆ. ಆ ಪ್ರದೇಶದಲ್ಲಿ ಮಳೆಯೆಲ್ಲ ಸುರಿಯುವುದು ಹೆಚ್ಚುಕಡಿಮೆ ನವೆಂಬರ್‌ನಿಂದ ಮಾರ್ಚ್‌ವರೆಗೆ. ಮೇ ಕೊನೆಯಿಂದ ಅಕ್ಟೋಬರ್‌ವರೆಗೆ ಹನಿ ಬೀಳುವುದೂ ಅಪರೂಪ. ಹಾಗಾಗಿ ಈ ಗೂಸ್‌ಬೆರಿ ಮೊದಲ ಮಳೆ ಬಿದ್ದೊಡನೆ ಚಿಗುರಿ, ಚಳಿಗಾಲವಿಡೀ ಬೆಳೆದು, ಜನವರಿಯಿಂದ ಏಪ್ರಿಲ್-ಮೇವರೆಗೆ ಹೂ ಬಿಟ್ಟು, ನೆಲ ಒಣಗುತ್ತಿದ್ದಂತೆ ಎಲೆಗಳನ್ನು ಉದುರಿಸಿ ಬರಿಯ ಮುಳ್ಳುಕಡ್ಡಿಯಾಗಿ ನಿದ್ರೆಗೆ ಜಾರುತ್ತದೆ. ನಮ್ಮ ಕಡೆ ಎಲೆ ಬಾಡಿದ ಗಿಡಕ್ಕೆ ಬೇಸಿಗೆಯಲ್ಲಿ ಒಂದು ಕೊಡ ನೀರು ಹೆಚ್ಚು ಹಾಕುವುದು ಸಹಜವಾದ ಕಾಳಜಿ. ಇಲ್ಲಿ ಅದೇ ಕಾಳಜಿ ಮುಳುವಾಗುತ್ತದೆ. ಎಲೆಯಿಲ್ಲದ ಗಿಡ ಮಣ್ಣಿನಿಂದ ನೀರನ್ನು ಹೀರಿ ಹೊರಹಾಕುವುದಿಲ್ಲವಾದ್ದರಿಂದ ಬಿಸಿ ಮಣ್ಣು ಒದ್ದೆಯಾಗಿಯೇ ಉಳಿಯುತ್ತದೆ. ಬೆಚ್ಚಗಿನ ಒದ್ದೆ ಮಣ್ಣು ಫೈಟಾಫ್ತೊರಾದಂಥ ಬೇರುಕೊಳೆ ರೋಗಾಣುಗಳಿಗೆ ಹೇಳಿ ಮಾಡಿಸಿದ ಜಾಗ. ನಮ್ಮ ಮಲೆನಾಡಿನ ಅಡಿಕೆಯ ಕೊಳೆರೋಗ, ಕಾಳುಮೆಣಸಿನ ಸೊರಗುರೋಗಗಳ ಹಿಂದಿರುವುದೂ ಇದೇ ಕುಲದ ಜೀವಿಗಳೆಂದರೆ ಅದರ ಹಾವಳಿ ಎಂಥದ್ದೆಂದು ಶಿವಮೊಗ್ಗದವರಾದ ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ.

ಸತ್ತ ಗಿಡ ಇನ್ನೂ ಅಲ್ಲಿಯೇ ಇದ್ದರೆ ಅದನ್ನು ಅಗೆದು ಒಮ್ಮೆ ನೋಡಿ. ಮಣ್ಣಿನ ಮಟ್ಟದಲ್ಲಿ ಕಾಂಡದ ತೊಗಟೆ ಕಂದು-ಕಪ್ಪಾಗಿ ಬೆರಳಿಗೆ ಜಾರಿ ಬರುತ್ತಿದ್ದರೆ, ಸಣ್ಣ ಬೇರನ್ನು ಎಳೆದಾಗ ಮೇಲಿನ ಸಿಪ್ಪೆ ಕಳಚಿಕೊಂಡು ಒಳಗಿನ ನೂಲಿನಂಥ ಎಳೆ ಮಾತ್ರ ಉಳಿದರೆ ಅದು ಬೇರುಕೊಳೆಯೇ. ಹಾಗಿದ್ದಲ್ಲಿ ಅದೇ ಗುಂಡಿಯಲ್ಲಿ ಮತ್ತೆ ಯಾವ ಗೂಸ್‌ಬೆರಿಯನ್ನೂ ನೆಡಬೇಡಿ. ಆ ಗಿಡವನ್ನು ಕಾಂಪೋಸ್ಟ್ ರಾಶಿಗೆ ಹಾಕದೆ ಹೊರಗೆ ಕಳುಹಿಸಿ, ಗುದ್ದಲಿ-ಸನಿಕೆಗಳನ್ನು ತೊಳೆದು ಒಣಗಿಸಿ. ಮುಂದೆ ಬೇಸಿಗೆಯಲ್ಲಿ ಎಲೆ ಉದುರಿದಾಗ ಗಿಡ ಬದುಕಿದೆಯೋ ಇಲ್ಲವೋ ಎಂಬ ಅನುಮಾನ ಬಂದರೆ ನೀರಿನ ಪೈಪನ್ನು ಎತ್ತಿಕೊಳ್ಳುವ ಮೊದಲು ಒಂದು ಕಡ್ಡಿಯ ತೊಗಟೆಯನ್ನು ಉಗುರಿನಿಂದ ತುಸುವೇ ಕೆರೆದು ನೋಡಿ. ಕೆಳಗೆ ತಿಳಿಹಸಿರು ಪದರವಿದ್ದು ಕಡ್ಡಿ ಬಾಗುವಂತಿದ್ದರೆ ಗಿಡ ನಿದ್ರಿಸುತ್ತಿದೆ. ಪ್ರತಿ ಗೆಣ್ಣಿನಲ್ಲಿ ಮೂರು ಮುಳ್ಳುಗಳು ಕವಲೊಡೆದಿರುವುದು ಕಾಣುತ್ತದೆ. ಅವುಗಳ ಮೇಲ್ಗಡೆಯೇ, ಸಾಸಿವೆ ಕಾಳಿಗಿಂತ ಸ್ವಲ್ಪ ದೊಡ್ಡದಾದ ಚೂಪು ಮೊಗ್ಗು ಮುಂದಿನ ಮಳೆಗಾಗಿ ಕಾದಿರುತ್ತದೆ. ಕಡ್ಡಿ ಒಳಗೂ ಕಂದಾಗಿ ಲಟಕ್ಕೆಂದು ಮುರಿದರೆ ಮಾತ್ರ ಆ ಭಾಗ ಸತ್ತಿದೆಯೆಂದು ತಿಳಿಯಿರಿ.

ಇನ್ನು ಜಾಗದ ವಿಚಾರ. ‘ನೆರಳು ಸಹಿಸುತ್ತದೆ’ ಎಂಬ ಚೀಟಿಯ ಮಾತನ್ನು ನಂಬಿ ಬಹಳ ಜನ ಈ ಗಿಡವನ್ನು ಉತ್ತರದ ಗೋಡೆಯ ಮಗ್ಗುಲಲ್ಲಿ ನೆಟ್ಟು, ಎಲೆ ಬಂದರೂ ಹೂ ಬರಲಿಲ್ಲವೆಂದು ಕೊರಗುತ್ತಾರೆ. ನೆರಳನ್ನು ಬೇಸಿಗೆಯ ಮಧ್ಯಾಹ್ನ ಅಳೆದರೆ ಈ ಗಿಡದ ಮಟ್ಟಿಗೆ ಉಪಯೋಗವಿಲ್ಲ. ಆಗ ಅದು ಮಲಗಿರುತ್ತದೆ. ಅಳೆಯಬೇಕಾದದ್ದು ಡಿಸೆಂಬರ್-ಜನವರಿಯ ಬೆಳಕನ್ನು. ಸ್ಯಾನ್ ಹೋಸೆ ಸುಮಾರು 37 ಡಿಗ್ರಿ ಉತ್ತರ ಅಕ್ಷಾಂಶದಲ್ಲಿರುವುದರಿಂದ ಡಿಸೆಂಬರ್ 21ರ ಆಸುಪಾಸಿನಲ್ಲಿ ನಡುಹಗಲಿನಲ್ಲೂ ಸೂರ್ಯ ದಿಗಂತದಿಂದ 29 ಡಿಗ್ರಿಯಷ್ಟೇ ಮೇಲಿರುತ್ತಾನೆ. ಹತ್ತಡಿ ಎತ್ತರದ ಗೋಡೆಯ ನೆರಳು ಆಗ ಉತ್ತರಕ್ಕೆ ಹದಿನೆಂಟು ಅಡಿಯವರೆಗೆ ಚಾಚುತ್ತದೆ. ಅದೇ ದಿನ ಬೆಂಗಳೂರಿನಲ್ಲಿ ಅಂಥದ್ದೇ ಗೋಡೆಯ ನೆರಳು ಏಳೂವರೆ ಅಡಿಯನ್ನೂ ದಾಟುವುದಿಲ್ಲ. ಊರಿನ ಅಂದಾಜಿನಲ್ಲಿ ಬೆಳಕನ್ನು ಲೆಕ್ಕ ಹಾಕಿದರೆ ಇಲ್ಲಿ ತಪ್ಪುವುದು ಇದಕ್ಕಾಗಿಯೇ. ನಿಮ್ಮ ಆರಡಿ ಅಗಲದ ಜಾಗಕ್ಕೆ ಗಿಡ ಬೆಳೆದು ಹೂ ಬಿಡತೊಡಗುವ ಚಳಿಗಾಲದ ತಿಂಗಳುಗಳಲ್ಲಿ ನೇರ ಬಿಸಿಲು ಒಂದು ಗಳಿಗೆಯೂ ಬೀಳುವುದಿಲ್ಲ. ಆಕಾಶದ ಬೆಳಕಿನಿಂದ ಅಲ್ಲಿ ಗಿಡ ಬದುಕೀತು, ಹೂ ವಿರಳವಾದೀತು. ಜೊತೆಗೆ ಆರಡಿಯ ಓಣಿಯಲ್ಲಿ ಅಷ್ಟೇ ಅಗಲಕ್ಕೆ ಹರಡುವ ಮುಳ್ಳುಪೊದೆ ಇದ್ದರೆ ಕಸದ ಡಬ್ಬಿ ಎಳೆದುಕೊಂಡು ಹೋಗುವವರ ಗತಿಯೇನು ಎಂಬುದನ್ನೂ ಯೋಚಿಸಬೇಕು. ಆ ಜಾಗವನ್ನು ಈ ಗಿಡಕ್ಕೆ ಬಳಸಬೇಡಿ ಎಂಬುದೇ ನನ್ನ ಸ್ಪಷ್ಟ ಸಲಹೆ.

ಓಕ್ ಮರದ ಅಂಚು ಅದಕ್ಕಿಂತ ಎಷ್ಟೋ ಮೇಲು, ಆದರೆ ಬುಡವಲ್ಲ. ಮರದ ದಕ್ಷಿಣ ಅಥವಾ ಆಗ್ನೇಯ ದಿಕ್ಕಿನಲ್ಲಿ, ಕೊಂಬೆಗಳ ನೆರಳು ಮುಗಿಯುವ ಸುತ್ತಿನಲ್ಲಿ ಒಂದು ಜಾಗ ಹುಡುಕಿ. ಬೇಸಿಗೆಯಲ್ಲಿ ಸೂರ್ಯ ನೆತ್ತಿಗೆ ಹತ್ತಿರವಿರುವಾಗ ಮರದ ನೆರಳು ಗಿಡವನ್ನು ಕಾಯುತ್ತದೆ. ಚಳಿಗಾಲದಲ್ಲಿ ಇಳಿಬಿಸಿಲು ಕೊಂಬೆಗಳ ಕೆಳಗಿನಿಂದ ಓರೆಯಾಗಿ ನುಗ್ಗಿ ಗಿಡಕ್ಕೆ ತಲುಪುತ್ತದೆ. ದಿನಕ್ಕೆ ಮೂರು ನಾಲ್ಕು ಗಂಟೆಯಷ್ಟು ಅಂಥ ಬಿಸಿಲು ಸಿಕ್ಕರೆ ಪೊದೆ ಹೂವಿನಿಂದ ಜೋಲುತ್ತದೆ. ಮರದ ಕಾಂಡದಿಂದ ಹತ್ತು ಅಡಿಯ ಒಳಗೆ ಏನನ್ನೂ ನೆಡಬಾರದು, ಬೇಸಿಗೆಯಲ್ಲಿ ಅಲ್ಲಿಗೆ ನೀರನ್ನೂ ಬಿಡಬಾರದು. ಏಕೆಂದರೆ ಲೈವ್ ಓಕ್ ಕೂಡ ಒಣ ಬೇಸಿಗೆಗೆ ಒಗ್ಗಿದ ಮರವೇ. ಬೇಸಿಗೆಯ ತೇವದಲ್ಲಿ ಅದರ ಬುಡಕ್ಕೆ ಫೈಟಾಫ್ತೊರಾ ಮಾತ್ರವಲ್ಲದೆ ಆರ್ಮಿಲೇರಿಯಾ ಎಂಬ ಬೇರಿನ ಶಿಲೀಂಧ್ರವೂ ತಗಲುತ್ತದೆ. ನೀವು ಎರಡು ತಿಂಗಳು ದಿನವೂ ನೀರು ಹಾಕಿದ್ದು ಅದೇ ಬುಡದ ಹತ್ತಿರವಾದ್ದರಿಂದ ನನಗೆ ಗೂಸ್‌ಬೆರಿಗಿಂತ ಆ ಮರದ ಚಿಂತೆಯೇ ಹೆಚ್ಚು. ಕಾಂಡದ ಸುತ್ತ ಪೇರಿಸಿದ ಮಣ್ಣು ಅಥವಾ ಗೊಬ್ಬರವಿದ್ದರೆ ಕೈಯಿಂದ ಸರಿಸಿ, ಬುಡ ಅಗಲವಾಗಿ ಬೇರಿಗೆ ಇಳಿಯುವ ಭಾಗ ಗಾಳಿಗೆ ತೆರೆದುಕೊಳ್ಳುವಂತೆ ಮಾಡಿ. ಬುಡದ ತೊಗಟೆಯಿಂದ ಕಪ್ಪು ರಸ ಒಸರುತ್ತಿದ್ದರೆ ಪರಿಣತ ಮರವೈದ್ಯರನ್ನು ಕರೆಸಿ ತೋರಿಸಿ. ನೂರು ವರ್ಷ ಕಂಡ ಮರಕ್ಕೆ ಯಾವ ಹೂಗಿಡವೂ ಬದಲಿಯಾಗಲಾರದು.

ನೆಡುವ ಕಾಲ ಅಕ್ಟೋಬರ್ ಕೊನೆಯಿಂದ ಡಿಸೆಂಬರ್. ಮೊದಲ ಒಳ್ಳೆಯ ಮಳೆ ಬಿದ್ದು ನೆಲ ನೆನೆದ ಮೇಲೆ ನೆಟ್ಟರೆ ಬೇರಿಗೆ ಮುಂದಿನ ಬೇಸಿಗೆಯೊಳಗೆ ಆಳಕ್ಕಿಳಿಯಲು ಐದಾರು ತಿಂಗಳು ಸಿಗುತ್ತವೆ. ಏಪ್ರಿಲ್‌ನಲ್ಲಿ ನೆಟ್ಟ ನಿಮ್ಮ ಗಿಡಕ್ಕೆ ಎರಡು ತಿಂಗಳೂ ಸಿಗಲಿಲ್ಲ. 1965ರಲ್ಲಿ ಆರಂಭವಾದ ಕ್ಯಾಲಿಫೋರ್ನಿಯಾ ನೇಟಿವ್ ಪ್ಲಾಂಟ್ ಸೊಸೈಟಿಯ ಸ್ಥಳೀಯ ಶಾಖೆಗಳು ಸಸಿ ಮಾರಾಟವನ್ನು ಸಾಮಾನ್ಯವಾಗಿ ಶರತ್ಕಾಲದಲ್ಲಿ ಇಟ್ಟುಕೊಳ್ಳುವುದೂ ಇದೇ ಕಾರಣಕ್ಕೆ. ಅವರೇ ನಡೆಸುವ ಕ್ಯಾಲ್‌ಸ್ಕೇಪ್ ತಾಣದಲ್ಲಿ ನಿಮ್ಮ ವಿಳಾಸ ಕೊಟ್ಟರೆ ಆ ಜಾಗಕ್ಕೆ ಸಹಜವಾದ ಗಿಡಗಳ ಪಟ್ಟಿ ಸಿಗುತ್ತದೆ. ದೊಡ್ಡ ಗಿಡದ ಆಸೆಗೆ ಐದು ಗ್ಯಾಲನ್ ಕುಂಡದ್ದನ್ನು ತರಬೇಡಿ. ಒಂದು ಗ್ಯಾಲನ್ ಕುಂಡದ ಸಣ್ಣ ಸಸಿ ಬೇಗ ಬೇರೂರಿ, ಕೆಲವೇ ವರ್ಷಗಳಲ್ಲಿ ದೊಡ್ಡದನ್ನು ಹಿಂದೆ ಹಾಕುತ್ತದೆ. ಕೊಳ್ಳುವಾಗ ಸಸಿಯನ್ನು ಕುಂಡದಿಂದ ಮೆಲ್ಲನೆ ಹೊರತೆಗೆದು ತೋರಿಸುವಂತೆ ಕೇಳಲು ಸಂಕೋಚ ಬೇಡ: ಬೇರು ಬೆಳ್ಳಗೆ ಗಟ್ಟಿಯಾಗಿರಬೇಕು, ಕುಂಡದ ತಳದಲ್ಲಿ ಸುರುಳಿ ಸುತ್ತಿರಬಾರದು.

ನಿಮ್ಮ ಊರಿನ ಬಹುಭಾಗದಲ್ಲಿರುವುದು ಅಂಟು ಜೇಡಿಮಣ್ಣು. ನೆಡುವ ಮೊದಲು ಒಂದಡಿ ಆಳದ ಗುಂಡಿ ತೋಡಿ ನೀರು ತುಂಬಿಸಿ, ಅದು ಇಂಗಿದ ಮೇಲೆ ಮತ್ತೊಮ್ಮೆ ತುಂಬಿಸಿ. ಎರಡನೆಯ ಸಲದ ನೀರು ಮರುದಿನವೂ ನಿಂತೇ ಇದ್ದರೆ ಗುಂಡಿಯಲ್ಲಿ ನೆಡದೆ, ಅದೇ ಮಣ್ಣನ್ನು ಅಗಲವಾದ ದಿಬ್ಬವಾಗಿ ಒಂದಡಿ ಏರಿಸಿ ಅದರ ಮೇಲೆ ನೆಡಿ. ಗುಂಡಿ ಕುಂಡದಷ್ಟೇ ಆಳ, ಅದರ ಎರಡರಷ್ಟು ಅಗಲವಿರಲಿ. ಬೇರಿನ ಮುದ್ದೆಯ ಮೇಲ್ಭಾಗ ಸುತ್ತಲ ನೆಲಕ್ಕಿಂತ ಅರ್ಧ ಇಂಚು ಮೇಲೆಯೇ ನಿಲ್ಲಲಿ. ಓಕ್ ಮರದ ಹೆಬ್ಬೆರಳು ಗಾತ್ರದ ಬೇರು ಅಡ್ಡ ಬಂದರೆ ಅದನ್ನು ಕತ್ತರಿಸಬೇಡಿ, ಗುಂಡಿಯನ್ನೇ ಪಕ್ಕಕ್ಕೆ ಸರಿಸಿ. ಗುಂಡಿಗೆ ಕೊಟ್ಟಿಗೆ ಗೊಬ್ಬರ, ಕಾಂಪೋಸ್ಟ್, ರಾಸಾಯನಿಕ ಗೊಬ್ಬರ ಯಾವುದೂ ಬೇಡ. ಅಗೆದು ತೆಗೆದ ಮಣ್ಣನ್ನೇ ಮತ್ತೆ ತುಂಬಿ, ಒಮ್ಮೆ ಚೆನ್ನಾಗಿ ನೀರುಣಿಸಿ, ಮೇಲೆ ಓಕ್ ಮರದ ತರಗೆಲೆಗಳನ್ನು ಎರಡು ಮೂರು ಇಂಚು ದಪ್ಪಕ್ಕೆ ಹರಡಿದರೆ ಆಯಿತು. ಕಾಂಡಕ್ಕೆ ಮಾತ್ರ ಅದು ತಾಗದಿರಲಿ. ಗುಡಿಸಿ ಚೀಲ ತುಂಬಿ ಹೊರಗಿಡುವ ಆ ತರಗೆಲೆಗಿಂತ ಒಳ್ಳೆಯ ಹೊದಿಕೆಯನ್ನು ಯಾವ ಅಂಗಡಿಯೂ ಮಾರುವುದಿಲ್ಲ.

ನೀರಿನ ಲೆಕ್ಕ ಹೀಗಿರಲಿ. ನೆಟ್ಟ ಮೊದಲ ಚಳಿಗಾಲದಲ್ಲಿ ಎರಡು ವಾರ ಮಳೆಯಾಗದಿದ್ದರೆ ಒಮ್ಮೆ ಆಳವಾಗಿ ನೀರು ಕೊಡಿ. ಮೊದಲ ಬೇಸಿಗೆಯಲ್ಲಿ, ಎಲೆಯಿರುವವರೆಗೆ ಎರಡು ಮೂರು ವಾರಕ್ಕೊಮ್ಮೆ, ಎಲೆ ಉದುರಿದ ಮೇಲೆ ತಿಂಗಳಿಗೊಮ್ಮೆ, ಅದೂ ತಂಪು ಹೊತ್ತಿನಲ್ಲಿ, ಮೇಲಿನ ಎರಡು ಮೂರು ಇಂಚು ಮಣ್ಣು ಒಣಗಿರುವುದನ್ನು ಬೆರಳಿಟ್ಟು ನೋಡಿಕೊಂಡು ಹಾಕಿ. ಎರಡನೆಯ ಬೇಸಿಗೆಯಲ್ಲಿ ಅದನ್ನೂ ಕಡಿಮೆ ಮಾಡಿ, ಮೂರನೆಯದರಿಂದ ಪೂರ್ತಿ ನಿಲ್ಲಿಸಬಹುದು. ನೀರು ಚೆನ್ನಾಗಿ ಬಸಿಯುವ ಮಣ್ಣಿನಲ್ಲಿ ತಿಂಗಳಿಗೊಮ್ಮೆ ನೀರು ಕೊಟ್ಟು ಬೇಸಿಗೆಯಲ್ಲೂ ಒಂದಷ್ಟು ಎಲೆ ಉಳಿಸಿಕೊಳ್ಳುವವರಿದ್ದಾರೆ. ಓಕ್ ಮರದ ಪಕ್ಕದಲ್ಲಿ, ಜೇಡಿಮಣ್ಣಿನಲ್ಲಿ ನೀವು ಆ ಆಸೆಗೆ ಹೋಗಬಾರದು.

ಬರ ಸಹಿಸುತ್ತದೆ ಎಂಬ ಮಾತಿಗೂ ಒಂದು ಮಿತಿಯಿದೆ, ಅದನ್ನು ಹೇಳುವವರು ಕಡಿಮೆ. ಈ ಗಿಡ ಸಹಿಸುವುದು ಬೇಸಿಗೆಯ ಬರವನ್ನು, ಚಳಿಗಾಲದ ಬರವನ್ನಲ್ಲ. 2014ರ ಜನವರಿಯಲ್ಲಿ ಕ್ಯಾಲಿಫೋರ್ನಿಯಾದ ರಾಜ್ಯಪಾಲರು ಬರದ ತುರ್ತುಸ್ಥಿತಿ ಘೋಷಿಸಿದರಲ್ಲ, ಅಂಥ ಮಳೆಯಿಲ್ಲದ ಚಳಿಗಾಲ ಬಂದಾಗ ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ತಿಂಗಳಿಗೆ ಎರಡು ಸಲ ನೆಲ ಆಳಕ್ಕೆ ನೆನೆಯುವಂತೆ ನೀರು ಕೊಡಲೇಬೇಕು. ಬೇಸಿಗೆಯಲ್ಲಿ ಉಳಿಸಿದ ನೀರಿನಲ್ಲಿ ಒಂದು ಸಣ್ಣ ಪಾಲು ಚಳಿಗಾಲಕ್ಕೆ ಖರ್ಚಾದರೆ ಅದು ದುಂದುವೆಚ್ಚವಲ್ಲ. ಗಿಡ ಚಿಗುರುವುದೂ ಹೂವಾಗುವುದೂ ಆ ನೀರಿನಿಂದಲೇ.

ನೀವು ಈ ಗಿಡವನ್ನು ಬಯಸಿದ್ದೇ ಹಕ್ಕಿಗಳಿಗಾಗಿ, ಆದ್ದರಿಂದ ಹೂವಿನ ರಚನೆಯನ್ನು ಸ್ವಲ್ಪ ನೋಡೋಣ. ಬಿಲ್ಲಿನಂತೆ ಬಾಗಿದ ಕಡ್ಡಿಯ ಕೆಳಗಡೆ, ಉದ್ದಕ್ಕೂ ಸಾಲಾಗಿ, ಕಡುಗೆಂಪು ಹೂಗಳು ತಲೆಕೆಳಗಾಗಿ ತೂಗುತ್ತವೆ. ಹತ್ತಿರದಿಂದ ನೋಡಿದರೆ ನಾಲ್ಕು ಕೆಂಪು ಪುಷ್ಪಪತ್ರಗಳು, ಅವುಗಳ ಒಳಗೆ ಸುರುಳಿ ಸುತ್ತಿದ ನಾಲ್ಕು ದಳಗಳು, ಅಲ್ಲಿಂದ ಕೆಳಗೆ ಬಹುದೂರ ಚಾಚಿಕೊಂಡ ನಾಲ್ಕು ಕೆಂಪು ಕೇಸರಗಳು ಕಾಣುತ್ತವೆ. ಇದರ ಬಂಧುಗಳಾದ ಉಳಿದ ಗೂಸ್‌ಬೆರಿಗಳಲ್ಲಿ ಈ ಎಣಿಕೆ ಹೆಚ್ಚಾಗಿ ಐದು. ಕೇಸರಗಳೂ ಸೇರಿ ಹೂವಿನ ಉದ್ದ ಸುಮಾರು ಒಂದೂವರೆ ಇಂಚು. ನಮ್ಮೂರಿನ ಸೂರಕ್ಕಿ ಮಕರಂದ ಹೀರುವಾಗ ಸಾಮಾನ್ಯವಾಗಿ ಕಡ್ಡಿಯ ಮೇಲೋ ಹೂಗೊಂಚಲಿನ ಮೇಲೋ ಕೂರುತ್ತದೆ. ಈ ಹೂವಿನ ಕೆಳಗೆ ಕೂರಲು ಜಾಗವಿಲ್ಲ, ಕಡ್ಡಿಯ ಮೈಯೆಲ್ಲ ಮುಳ್ಳು. ಗಾಳಿಯಲ್ಲಿ ನಿಂತಲ್ಲೇ ನಿಂತು ಕೊಕ್ಕನ್ನು ಮೇಲಕ್ಕೆತ್ತಬಲ್ಲ ಹಮ್ಮಿಂಗ್‌ಬರ್ಡ್‌ಗೆ ಮಾತ್ರ ಇದು ಸಲೀಸು. ಅದು ಹೀರುವಷ್ಟರಲ್ಲಿ ಉದ್ದನೆಯ ಕೇಸರಗಳು ಅದರ ತಲೆಯ ಗರಿಗಳಿಗೆ ಪರಾಗ ಸವರಿರುತ್ತವೆ.

ಕಾಲವೂ ಅಷ್ಟೇ ಚೆನ್ನಾಗಿ ಕೂಡಿಬರುತ್ತದೆ. ನಿಮ್ಮಲ್ಲಿ ವರ್ಷವಿಡೀ ಇರುವ ಆನ್ನಾಸ್ ಹಮ್ಮಿಂಗ್‌ಬರ್ಡ್ ನಾಲ್ಕೈದು ಗ್ರಾಂ ತೂಕದ ಹಕ್ಕಿ. ಉಳಿದ ಹಕ್ಕಿಗಳು ಇನ್ನೂ ಚಳಿಗೆ ಮುದುಡಿರುವಾಗ, ಡಿಸೆಂಬರ್ ಹೊತ್ತಿಗೇ ಅದು ಗೂಡು ಕಟ್ಟಲು ತೊಡಗುತ್ತದೆ. ಆಲೆನ್ಸ್ ಹಮ್ಮಿಂಗ್‌ಬರ್ಡ್ ಮೆಕ್ಸಿಕೋದಿಂದ ಜನವರಿ-ಫೆಬ್ರವರಿಯಲ್ಲಿ ಕರಾವಳಿಗೆ ಮರಳುತ್ತದೆ. ತೋಟದಲ್ಲಿ ಬೇರೆ ಹೂಗಳು ವಿರಳವಾಗಿರುವ ಆ ತಿಂಗಳುಗಳಲ್ಲೇ ಈ ಗೂಸ್‌ಬೆರಿ ಅರಳುತ್ತದೆ. ಈ ಹಕ್ಕಿಗಳಿಗೆ ಮಕರಂದವೊಂದೇ ಸಾಲದು ಎಂಬುದೂ ನೆನಪಿರಲಿ. ಮರಿಗಳನ್ನು ಸಾಕಲು ಅವು ಸಣ್ಣ ಕೀಟಗಳನ್ನೂ ಜೇಡಗಳನ್ನೂ ಹಿಡಿಯುತ್ತವೆ, ಗೂಡನ್ನು ಜೇಡರ ಬಲೆಯ ಎಳೆಗಳಿಂದ ಬಿಗಿಯುತ್ತವೆ. ಹಾಗಾಗಿ ಈ ಗಿಡದ ಮೇಲೂ ಸುತ್ತಲೂ ಕೀಟನಾಶಕ ಸಿಂಪಡಿಸಬಾರದು. ಚಿಗುರಿನಲ್ಲಿ ಒಂದಿಷ್ಟು ಹೇನು ಕಂಡರೆ ಬಿಟ್ಟುಬಿಡಿ. ಅದೂ ಯಾವುದೋ ಮರಿಯ ಊಟವಾದೀತು.

ಎರಡನೆಯ ಅಥವಾ ಮೂರನೆಯ ವರ್ಷದಿಂದ ಹೂ ಚೆನ್ನಾಗಿ ಬರುತ್ತದೆ. ಮುಂದೆ ಪೊದೆ ಐದಾರು ಅಡಿ ಎತ್ತರಕ್ಕೂ ಅಷ್ಟೇ ಅಗಲಕ್ಕೂ ಬೆಳೆಯುತ್ತದೆ. ಹೂ ಬರುವುದು ಹಳೆಯ ಕಡ್ಡಿಗಳ ಮೇಲಾದ್ದರಿಂದ ಬೇಲಿಗಿಡದಂತೆ ಮೇಲಿನಿಂದ ಸಮನಾಗಿ ಕತ್ತರಿಸಿದರೆ ಮುಂದಿನ ವರ್ಷದ ಹೂವನ್ನೇ ಕತ್ತರಿಸಿದಂತೆ. ಹೂ ಮುಗಿದು ಎಲೆ ಉದುರಿದ ಮೇಲೆ, ದಪ್ಪ ಚರ್ಮದ ಕೈಗವಸು ತೊಟ್ಟು, ತೀರ ಹಳೆಯದಾದ ಒಂದೆರಡು ಕೊಂಬೆಗಳನ್ನು ಬುಡದಿಂದಲೇ ತೆಗೆದರೆ ಸಾಕು. ನೆಲಕ್ಕೆ ತಾಗಿದ ಕೊಂಬೆ ತಾನಾಗಿ ಬೇರು ಬಿಡುವುದುಂಟು. ಮಳೆಗಾಲದ ಆರಂಭದಲ್ಲಿ ಒಂದು ಕೊಂಬೆಯನ್ನು ಬಾಗಿಸಿ, ಕಲ್ಲು ಹೇರಿ, ಮಣ್ಣು ಮುಚ್ಚಿಟ್ಟರೆ ಮುಂದಿನ ಶರತ್ಕಾಲದ ವೇಳೆಗೆ ಇನ್ನೊಂದು ಸಸಿ ಸಿಗುತ್ತದೆ. ಮುಳ್ಳುರೋಮಗಳಿರುವ ಕೆಂಪು ಹಣ್ಣುಗಳನ್ನು ಹಕ್ಕಿಗಳಿಗೆ ಬಿಡಿ.

ಮನೆಯಲ್ಲಿ ಓಡಾಡುವ ಪುಟ್ಟ ಮಕ್ಕಳಿದ್ದು ಮುಳ್ಳು ಬೇಡವೆನಿಸಿದರೆ, ಇದೇ ಕುಲದ ಮುಳ್ಳಿಲ್ಲದ ಎರಡು ಗಿಡಗಳಿವೆ. ಚಾಪರಾಲ್ ಕರಂಟ್ ಎಂಬ ರೈಬಿಸ್ ಮಾಲ್ವೇಸಿಯಮ್ ಇನ್ನೂ ಒಣ ಜಾಗಕ್ಕೆ ಹೊಂದುತ್ತದೆ, ಒಮ್ಮೊಮ್ಮೆ ಡಿಸೆಂಬರ್‌ಗೂ ಮೊದಲೇ ಗುಲಾಬಿ ಗೊಂಚಲು ಬಿಡುತ್ತದೆ. ಪಿಂಕ್ ಫ್ಲವರಿಂಗ್ ಕರಂಟ್ ಎಂಬ ರೈಬಿಸ್ ಸ್ಯಾಂಗ್ವಿನಿಯಮ್‌ನ ಕರಾವಳಿ ಬಗೆ ನೋಡಲು ಹೆಚ್ಚು ಸೊಗಸು, ಆದರೆ ನೀರನ್ನು ತುಸು ಹೆಚ್ಚು ಕೇಳುತ್ತದೆ. ನಿಮ್ಮ ಜಾಗಕ್ಕೆ ಎರಡರಲ್ಲಿ ನನ್ನ ಆಯ್ಕೆ ಮೊದಲನೆಯದು. ಯಾವುದನ್ನೇ ನೆಟ್ಟರೂ ಅದರ ಮುಂದೆ ಓಕ್ ನೆರಳಿನಲ್ಲೇ ಹಬ್ಬುವ ಹಮ್ಮಿಂಗ್‌ಬರ್ಡ್ ಸೇಜ್ ನೆಟ್ಟುಕೊಳ್ಳಿ; ಮಾರ್ಚ್‌ನಿಂದ ಬೇಸಿಗೆಯ ಮೊದಲ ಭಾಗದವರೆಗೆ ಅದರ ಕಡುಗುಲಾಬಿ ತೆನೆಗಳು ಹಕ್ಕಿಗಳನ್ನು ಹಿಡಿದಿಡುತ್ತವೆ. ಆಗಸ್ಟ್‌ನಿಂದ ಅಕ್ಟೋಬರ್‌ವರೆಗಿನ ಕೊರತೆಗೆ ಬಿಸಿಲಿರುವ ಮೂಲೆಯಲ್ಲಿ ಕ್ಯಾಲಿಫೋರ್ನಿಯಾ ಫ್ಯೂಷಿಯಾ ಇರಲಿ. ಉತ್ತರದ ಗೋಡೆಯ ಆರಡಿ ಜಾಗಕ್ಕೆ ಪೊದೆಯ ಹಂಬಲ ಬಿಟ್ಟು ವೆಸ್ಟರ್ನ್ ಸೋರ್ಡ್ ಫರ್ನ್ ಮತ್ತು ಐಲೆಂಡ್ ಆಲಮ್ ರೂಟ್ ನೆಟ್ಟರೆ, ತಿಂಗಳಿಗೆ ಒಂದೆರಡು ಸಲದ ನೀರಿನಲ್ಲಿ ಅಲ್ಲಿಯೂ ಹಸಿರು ನಿಲ್ಲುತ್ತದೆ.

ಶಿವಮೊಗ್ಗಕ್ಕೆ ಬೀಜ ಒಯ್ಯುವ ಯೋಚನೆಯನ್ನು ದಯವಿಟ್ಟು ಬಿಡಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬೆಚ್ಚಗಿನ ಮಣ್ಣು ನೀರು ಕುಡಿದು ನಿಂತಿರುವ ಮಲೆನಾಡಿನ ಅಂಚಿನಲ್ಲಿ, ಸ್ಯಾನ್ ಹೋಸೆಯಲ್ಲಿ ನಿಮ್ಮ ಗಿಡಕ್ಕೆ ಆದದ್ದೇ ಪ್ರತಿ ವರ್ಷ ಆಗುತ್ತದೆ. ಬೀಜ ಮೊಳೆಯಲು ಬೇಕಾದ ವಾರಗಟ್ಟಲೆಯ ತಂಪು-ತೇವವೂ ಅಲ್ಲಿ ಸಹಜವಾಗಿ ಸಿಗದು. ಭಾರತದ 2003ರ ಸಸ್ಯ ಸಂಗರೋಧ ಆದೇಶದ ಪ್ರಕಾರ ಬೀಜ ತರಲು ಅನುಮತಿಯೂ ಪ್ರಮಾಣಪತ್ರವೂ ಬೇಕು. ಮೇಲಾಗಿ ಹಮ್ಮಿಂಗ್‌ಬರ್ಡ್‌ಗಳಿರುವುದು ಅಮೆರಿಕ ಖಂಡಗಳಲ್ಲಿ ಮಾತ್ರ. ಊರಿನ ಮನೆಯ ಅರೆನೆರಳಿಗೆ ನಮ್ಮ ಕಾಡಿನದೇ ಆದ ಕೆಂಪು ಕೇಪಳ ನೆಡಿಸಿ. ಅದಕ್ಕೆ ಸೂರಕ್ಕಿಗಳೂ ಚಿಟ್ಟೆಗಳೂ ಬರುತ್ತವೆ, ಮಳೆಗಾಲ ಅದಕ್ಕೆ ಒಗ್ಗಿದ್ದು.

ಸದ್ಯಕ್ಕೆ ನೀವು ಮಾಡಬೇಕಾದದ್ದು ಇಷ್ಟು: ಓಕ್ ಬುಡಕ್ಕೆ ನೀರು ಹಾಕುವುದನ್ನು ನಿಲ್ಲಿಸಿ, ಸತ್ತ ಗಿಡವನ್ನು ತೆಗೆದು, ಮರದ ಆಗ್ನೇಯ ಅಂಚಿನಲ್ಲಿ ಒಂದು ಕೋಲು ನೆಟ್ಟು ಗುರುತು ಮಾಡಿ. ಅಕ್ಟೋಬರ್ ಕೊನೆಯಿಂದ ಬೆಳಿಗ್ಗೆ ಒಂಬತ್ತಕ್ಕೆ, ನಡುಹಗಲಿಗೆ, ಮಧ್ಯಾಹ್ನ ಮೂರಕ್ಕೆ ಆ ಕೋಲಿಗೆ ಬಿಸಿಲು ತಾಗುತ್ತದೆಯೇ ಎಂದು ಕೆಲವು ದಿನ ಗಮನಿಸಿ. ಮೂರರಲ್ಲಿ ಎರಡು ಹೊತ್ತಾದರೂ ತಾಗುತ್ತಿದ್ದರೆ ಮೊದಲ ಮಳೆಯ ನಂತರ ಅಲ್ಲೇ ನೆಡಿ. ತಾಗದಿದ್ದರೆ ಕೋಲನ್ನು ಮರದಿಂದ ಇನ್ನೆರಡು ಮೂರು ಅಡಿ ಹೊರಕ್ಕೆ ಸರಿಸಿ ಮತ್ತೆ ನೋಡಿ.